ತಿದ್ದುಪಡಿ ಬಿತ್ತು ಅಂದರು, ಎಣಿಸಿದ್ದು ಯಾರು?

ಪ್ರಶ್ನೆ: ನಾನು ಕೇಂದ್ರ ಸರ್ಕಾರಿ ನೌಕರ. ಬಡ್ತಿ ಕೇಸು ಬೆಂಗಳೂರಿನ ಸಿಎಟಿಯಲ್ಲಿ (ಕೇಂದ್ರ ಆಡಳಿತ ನ್ಯಾಯಮಂಡಳಿ) ಇದೆ. 2021ರ ನ್ಯಾಯಮಂಡಳಿ ಸುಧಾರಣಾ ಮಸೂದೆಗೆ ನಮ್ಮ ಸಂಸದರು ಏನು ವೋಟು ಹಾಕಿದರು? ತಿದ್ದುಪಡಿಗಳಿಗೆ ಮತ ಹಾಕುವುದು ಹೇಗೆ?

ಉತ್ತರ: ನಿಮ್ಮ ಸಂಸದರ ವೋಟು ಎಲ್ಲೂ ದಾಖಲಾಗಿಲ್ಲ. ಲೋಕಸಭೆಯಲ್ಲಿ ಆ ಮಸೂದೆ ಪಾಸಾಗಿದ್ದು ಗದ್ದಲದ ನಡುವೆ, ಧ್ವನಿಮತದಲ್ಲಿ. ಆಗಸ್ಟ್ 2ಕ್ಕೆ ಮಂಡನೆ, 3ಕ್ಕೆ ಅಂಗೀಕಾರ!

ಮಾಮೂಲಿ ಕ್ರಮ ಹೀಗಿದೆ. ತಿದ್ದುಪಡಿ ಬೇಕೆನ್ನುವ ಸದಸ್ಯರು ಮೊದಲೇ ನೋಟಿಸ್ ಕೊಡಬೇಕು. ಮಸೂದೆಯನ್ನು ಒಂದೊಂದೇ ಕಲಂ ಎತ್ತಿಕೊಳ್ಳುವಾಗ ಮೊದಲು ತಿದ್ದುಪಡಿಯನ್ನು ಮತಕ್ಕೆ ಹಾಕುತ್ತಾರೆ, ಆಮೇಲೆ ಕಲಂ ಅನ್ನು. (ಮಸೂದೆಯ ಹೆಸರಿರುವ ಒಂದನೇ ಕಲಂ ಕೊನೆಗೆ ಬರುತ್ತದೆ, ತಮಾಷೆ ಅಲ್ವಾ?) ಸ್ಪೀಕರ್ 'ಪರವಾಗಿರುವವರು ಹೌದು ಅನ್ನಿ, ವಿರುದ್ಧ ಇರುವವರು ಇಲ್ಲ ಅನ್ನಿ' ಎನ್ನುತ್ತಾರೆ, ಯಾವ ಕಡೆ ಜಾಸ್ತಿ ಅಂತ ಅವರಿಗೆ ಕೇಳಿಸಿತೋ ಅದನ್ನೇ ಹೇಳುತ್ತಾರೆ. ಅಂದರೆ ಎಣಿಸಿದ್ದು ಕಿವಿ.

ಆದರೆ ಯಾರಾದರೂ ಅದನ್ನು ಒಪ್ಪದೆ ಡಿವಿಷನ್, ಅಂದರೆ ಎಣಿಸುವ ಮತದಾನ, ಕೇಳಬಹುದು. ಆಗ ಲಾಬಿ ಖಾಲಿ ಮಾಡಿಸಿ ಗಂಟೆ ಬಾರಿಸುತ್ತಾರೆ, ಮೂರೂವರೆ ನಿಮಿಷ ಕಳೆದ ಮೇಲೆ ಮತ್ತೆ ಕೇಳುತ್ತಾರೆ, ಆಗಲೂ ಒಪ್ಪದಿದ್ದರೆ ಬಟನ್ ಒತ್ತುವ ವೋಟು. ಹಸಿರು ಹೌದು, ಕೆಂಪು ಇಲ್ಲ, ಹಳದಿ ತಟಸ್ಥ. ಇಲ್ಲಿ ಮಾತ್ರ ಹೆಸರು ಬೀಳುತ್ತದೆ. ಡಿವಿಷನ್ ಸುಮ್ನೆ ಕೇಳಿದ್ದಾರೆ ಅಂತ ಸ್ಪೀಕರ್‌ಗೆ ಅನ್ನಿಸಿದರೆ ಎದ್ದು ನಿಲ್ಲಿಸಿ ತಲೆ ಎಣಿಸಬಹುದು, ಅದರಲ್ಲಿ ಹೆಸರು ಇರುವುದಿಲ್ಲ. ಹಾಜರಿದ್ದು ಮತ ಹಾಕಿದವರಲ್ಲಿ ಬಹುಮತ ಬಂದರೆ ಸಾಕು.

ಹೆಸರು ಬಿದ್ದರೂ ಅದು ಸಂಸದರ ಸ್ವಂತ ಮನಸ್ಸು ಅಂದುಕೊಳ್ಳಬೇಡಿ. ಪಕ್ಷ ವಿಪ್ (ಹೀಗೇ ಮತ ಹಾಕಿ ಎಂಬ ಆದೇಶ) ಕೊಟ್ಟಿದ್ದರೆ ಅದನ್ನು ಮೀರಿದವರ ಸೀಟೇ ಹೋಗಬಹುದು. 1985ರಿಂದ ಸಂವಿಧಾನದ ಹತ್ತನೇ ಅನುಸೂಚಿ, ಅಂದರೆ ಪಕ್ಷಾಂತರ ನಿಷೇಧ ಕಾನೂನು, ಇರುವುದೇ ಅದಕ್ಕೆ. ಆಡಳಿತ ಪಕ್ಷದ ಸಂಸದರಿಗೆ ವಿರೋಧ ಪಕ್ಷದ ತಿದ್ದುಪಡಿ ಸರಿ ಅನ್ನಿಸಿದರೂ ಬಾಯಿ ಬಿಡುವುದು ಕಷ್ಟ.

ಆ ಮಸೂದೆಯಲ್ಲಿ ಚರ್ಚೆಗೆ ಬೇಕಾದಷ್ಟು ವಿಷಯವಿತ್ತು. ನ್ಯಾಯಮಂಡಳಿಗಳ ಸದಸ್ಯರಿಗೆ ಕನಿಷ್ಠ 50 ವರ್ಷ, ಅಧಿಕಾರಾವಧಿ ನಾಲ್ಕೇ ವರ್ಷ ಎಂಬ ನಿಯಮಗಳನ್ನು ಸುಪ್ರೀಂ ಕೋರ್ಟ್ ಅದೇ ವರ್ಷದ ಜುಲೈ 14ರಂದು ರದ್ದು ಮಾಡಿತ್ತು. ಮೂರು ವಾರವೂ ಕಳೆದಿರಲಿಲ್ಲ, ಅವೇ ನಿಯಮಗಳು ಮಸೂದೆಯಾಗಿ ಬಂದವು. ರಾಜ್ಯಸಭೆಯಲ್ಲಿ ಅದನ್ನು ಪರಿಶೀಲನೆಗೆ ಸಂಸದರ ಆಯ್ಕೆ ಸಮಿತಿಗೆ ಕಳಿಸಿ ಎಂಬ ಬೇಡಿಕೆಯೂ ಬಿದ್ದುಹೋಯಿತು, ಆಗಸ್ಟ್ 9ಕ್ಕೆ ಅಲ್ಲೂ ಪಾಸು. ಕೊನೆಗೆ 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಕಾಯ್ದೆಯ ಮುಖ್ಯ ಕಲಂಗಳನ್ನು ಮತ್ತೆ ರದ್ದು ಮಾಡಿತು.

ಬೇರೆ ಮಸೂದೆಗಳಿಗೆ ಡಿವಿಷನ್ ನಡೆದಿದ್ದರೆ ಆ ದಿನದ ಕಲಾಪದ ವರದಿಯಲ್ಲಿ ನಿಮ್ಮ ಸಂಸದರ ಹೆಸರು ಸಿಗುತ್ತದೆ. ಆದರೆ ಈ ಮಸೂದೆಯ ವೋಟಿಗಾಗಿ ಲೋಕಸಭೆಯ ಆಗಸ್ಟ್ 3ರ ವರದಿಯಲ್ಲಿ ಹುಡುಕಬೇಡಿ.