ಹೊಸ ಕಿಟ್‌ಗೆ ಮುಂಗಡ ಕೊಡುವ ಮೊದಲು: ರಾಯಚೂರಿನ ಬಿಸಿಲಿಗೆ ಹೊಂದುವ ಲೆಕ್ಕ

ಪ್ರಶ್ನೆ: ರಾಯಚೂರಿನಲ್ಲಿದ್ದೇನೆ. ಹೊಸದಾಗಿ ಘೋಷಣೆಯಾಗುವ 1/35 ಅಳತೆಯ (ಅಸಲಿನ 35ರಲ್ಲೊಂದು ಪಾಲಿನ) ಟ್ಯಾಂಕ್, 1/72 ಅಳತೆಯ ಮಿಗ್ ಯುದ್ಧವಿಮಾನದ ಪ್ಲಾಸ್ಟಿಕ್ ಮಾಡೆಲ್ ಕಿಟ್‌ಗಳಿಗೆ ಈಗಲೇ ಮುಂಗಡ ಕೊಡಬಹುದೇ? ಭಾರತದ ಸೇನೆಯ ರೂಪದಲ್ಲೇ ಕಟ್ಟುವ ಆಸೆ. ಬೇಸಿಗೆಯಲ್ಲಿ ಅಂಟು, ಬಣ್ಣ ಎರಡೂ ಕೈಕೊಡುತ್ತಿವೆ, ಏನು ಮಾಡಲಿ?

ಸ್ಪ್ರೂ (ಬಿಡಿಭಾಗಗಳು ಅಂಟಿಕೊಂಡಿರುವ ಪ್ಲಾಸ್ಟಿಕ್ ಚೌಕಟ್ಟು) ಫೋಟೊ ಬರುವವರೆಗೂ ದುಡ್ಡು ಕೊಡಬೇಡಿ. ಘೋಷಣೆಯ ದಿನ ನಮಗೆ ಸಿಗುವುದು ಪೆಟ್ಟಿಗೆಯ ಮೇಲಿನ ಬಣ್ಣದ ಚಿತ್ರ, ಹೆಚ್ಚೆಂದರೆ ಕಂಪ್ಯೂಟರಿನ ರೇಖಾಚಿತ್ರ. ಅದಾದ ಮೇಲೆ ಅಚ್ಚಿನ ಮೊದಲ ಪರೀಕ್ಷೆಯ ತುಂಡುಗಳು, ಆಮೇಲೆ ಸ್ಪ್ರೂಗಳ ಫೋಟೊ, ಕೊನೆಗೆ ಪೆಟ್ಟಿಗೆ. ಚಿತ್ರದಲ್ಲೇ ಉಳಿದುಹೋದ ಕಿಟ್‌ಗಳು ಬೇಕಾದಷ್ಟಿವೆ. ಜನವರಿ ಕೊನೆ, ಫೆಬ್ರುವರಿ ಮೊದಲ ವಾರದ ಜರ್ಮನಿಯ ನ್ಯೂರೆಂಬರ್ಗ್ ಆಟಿಕೆ ಮೇಳ, ಮೇ ತಿಂಗಳ ಜಪಾನಿನ ಶಿಜುವೋಕಾ ಪ್ರದರ್ಶನ, ನವೆಂಬರಿನ ಬ್ರಿಟನ್ನಿನ ಟೆಲ್‌ಫರ್ಡ್ ಪ್ರದರ್ಶನ: ಈ ಮೂರರ ಸುದ್ದಿ ನೋಡುತ್ತಿದ್ದರೆ ಯಾವ ಕಿಟ್ ಯಾವ ಹಂತದಲ್ಲಿದೆ ಎಂಬ ಅಂದಾಜು ಸಿಗುತ್ತದೆ.

ಮೊದಲು ನೋಡಬೇಕಾದ್ದು ಅಚ್ಚು ಹೊಸದೋ, ಹಳೆ ಪ್ಲಾಸ್ಟಿಕ್ ಹೊಸ ಪೆಟ್ಟಿಗೆಗೆ ಬಂದಿದೆಯೋ ಎಂಬುದು. ಸ್ಪ್ರೂ ಚೌಕಟ್ಟಿನ ಮೇಲೆ ಅಥವಾ ಟ್ಯಾಂಕಿನ ತಳದ ಹೊರಮೈಯಲ್ಲಿ ಇಸವಿ ಕೊರೆದಿರುವುದು ಸಾಮಾನ್ಯ. ಫೋಟೊ ದೊಡ್ಡದು ಮಾಡಿ ನೋಡಿ. ಹಳೆ ಅಚ್ಚು ಅಂದಮಾತ್ರಕ್ಕೆ ಕೆಟ್ಟದ್ದಲ್ಲ, ಆದರೆ ಹೊಸದರ ಬೆಲೆ ಕೊಡಬಾರದು.

ಆಮೇಲಿನದು ಮಾದರಿ. ಭಾರತದ್ದೇ ಕಟ್ಟಬೇಕು ಅನ್ನುವವರು ಎಡವುವುದು ಇಲ್ಲೇ. ನಮ್ಮ ಸೇನೆಯ ಅಜೇಯ ಟ್ಯಾಂಕ್ ಅಂದರೆ ಟಿ-72ಎಂ1. ಹೊಸ ಕಿಟ್‌ಗಳಲ್ಲಿ ಹೆಚ್ಚು ಸದ್ದು ಮಾಡುವುದು ಟಿ-72ಬಿ3. ಬಿ ಸರಣಿಯ ಟರೆಟ್ಟಿನ (ನಳಿಗೆ ಹೊತ್ತು ತಿರುಗುವ ಮೇಲಿನ ಗೂಡಿನ) ಮುಂಭಾಗ ಎರಡೂ ಕಡೆ ಉಬ್ಬಿಕೊಂಡು ದಪ್ಪಗಿರುತ್ತದೆ. ಟರೆಟ್ಟನ್ನೇ ಬದಲಿಸದೆ ಅದು ಅಜೇಯ ಆಗುವುದಿಲ್ಲ. ಟಿ-90 ಭೀಷ್ಮದ ಕಥೆಯೂ ಹೀಗೇ. ರಷ್ಯದ ಟಿ-90ರಲ್ಲಿ ನಳಿಗೆಯ ಎಡಬಲಕ್ಕೆ ಕ್ಷಿಪಣಿಯ ದಾರಿ ತಪ್ಪಿಸುವ ಷ್ಟೋರಾ ವ್ಯವಸ್ಥೆಯ ಎರಡು ಕೆಂಗಣ್ಣುಗಳಿರುತ್ತವೆ. ಭೀಷ್ಮದಲ್ಲಿ ಅವಿಲ್ಲ, ಆ ಜಾಗದಲ್ಲಿ ಸ್ಫೋಟಕ ಕವಚದ ಇಟ್ಟಿಗೆಗಳಿವೆ. ಪೆಟ್ಟಿಗೆಯಲ್ಲಿ ಆ ಇಟ್ಟಿಗೆಗಳು ಇವೆಯೇ ಎಂದು ಸ್ಪ್ರೂ ಫೋಟೊದಲ್ಲಿ ಎಣಿಸಿಯೇ ಮುಂದುವರಿಯಿರಿ. ಇಲ್ಲದಿದ್ದರೆ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಕೈಯಲ್ಲೇ ಮಾಡಬೇಕು.

ಮಿಗ್-21 ಇನ್ನೂ ಸೂಕ್ಷ್ಮ. ನಮ್ಮ ವಾಯುಪಡೆ ಹೆಚ್ಚಾಗಿ ಹಾರಿಸಿದ್ದು ಎಫ್‌ಎಲ್, ಎಂ, ಬಿಸ್, ಮತ್ತು ಬಿಸ್ ಅನ್ನು ಸುಧಾರಿಸಿದ ಬೈಸನ್. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಎಂಎಫ್. ಎಂಎಫ್ ಪೆಟ್ಟಿಗೆಯಿಂದ ಎಂ ಕಟ್ಟಬಹುದು, ಹೊರನೋಟಕ್ಕೆ ಎರಡೂ ಬಹಳ ಹತ್ತಿರ. ಎಫ್‌ಎಲ್ ಆಗದು, ಕಾಕ್‌ಪಿಟ್ಟಿನ ಹಿಂದಿನ ಅದರ ಬೆನ್ನುಗೂಡು ಸಣ್ಣದು, ಒಡಲಲ್ಲಿ ಫಿರಂಗಿಯೂ ಇಲ್ಲ. ಬಿಸ್‌ನ ಬೆನ್ನು ಎಲ್ಲಕ್ಕಿಂತ ದಪ್ಪ. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಸೇವೆಯಿಂದ ಬೀಳ್ಕೊಂಡ ವಿಮಾನ ಬೇಕಿದ್ದರೆ ಬೈಸನ್ ಎಂದೇ ಬರೆದ ಪೆಟ್ಟಿಗೆಗೆ ಕಾಯಿರಿ, ಇಲ್ಲವೇ ಬಿಸ್ ಕಿಟ್ಟನ್ನು ಬೈಸನ್ ಮಾಡುವ ರೆಸಿನ್ (ಎರಕ ಹೊಯ್ದ ಗಟ್ಟಿ ರಾಳ) ತುಂಡು ಹುಡುಕಿ. ನ್ಯಾಟ್ ಯುದ್ಧವಿಮಾನ ಇಷ್ಟಪಡುವವರಿಗೂ ಒಂದು ಎಚ್ಚರಿಕೆ: ಏರ್‌ಫಿಕ್ಸ್ ಕಂಪನಿಯ ನ್ಯಾಟ್ ಟಿ.1 ಎರಡು ಸೀಟಿನ ತರಬೇತಿ ವಿಮಾನ. 1965, 1971ರ ಯುದ್ಧಗಳಲ್ಲಿ ನಮ್ಮವರು ಹಾರಿಸಿದ್ದು ಒಂಟಿ ಸೀಟಿನದು.

ಅಳತೆಯನ್ನೂ ಒಮ್ಮೆ ಪರೀಕ್ಷಿಸಿ. ಮಿಗ್-21ರ ರೆಕ್ಕೆಯ ಹರವು 7.15 ಮೀಟರ್, 1/72ರಲ್ಲಿ 9.9 ಸೆಂ.ಮೀ. ಟಿ-72ರ ಅಗಲ 3.59 ಮೀಟರ್, 1/35ರಲ್ಲಿ 10.3 ಸೆಂ.ಮೀ. ಒಂದೆರಡು ಮಿಲಿಮೀಟರ್ ತಪ್ಪಿದ್ದರೆ ನಾನಂತೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಹೊರದೇಶದಿಂದ ನೇರವಾಗಿ ತರಿಸುವ ಯೋಚನೆ ಇದ್ದರೆ ಲೆಕ್ಕ ಹಾಕಿಕೊಳ್ಳಿ. ಸ್ಕೇಲ್ ಮಾಡೆಲ್‌ಗಳು ಸುಂಕದ ಪಟ್ಟಿಯಲ್ಲಿ ಆಟಿಕೆಗಳ ಜೊತೆ, 9503 ಎಂಬ ಸಂಖ್ಯೆಯಡಿ ಬರುತ್ತವೆ. ಆಟಿಕೆಗಳ ಮೂಲ ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಸುಂಕ ಬೀಳುವುದು ಕಿಟ್‌ನ ಬೆಲೆಯ ಮೇಲಷ್ಟೇ ಅಲ್ಲ, ಸಾಗಣೆ ವೆಚ್ಚದ ಮೇಲೂ. 3,000 ರೂಪಾಯಿ ಕಿಟ್, 1,500 ಸಾಗಣೆ ಅಂದರೆ, ಆ ಶೇ 70ರ ದರವೇ ಬಿದ್ದರೆ 3,150 ಸುಂಕ, ಒಟ್ಟು 7,650, ಮೇಲೆ ಜಿಎಸ್‌ಟಿ. ಹಾಗಾದರೆ ದೇಶದೊಳಗಿನ ವ್ಯಾಪಾರಿ ಒಂದೂವರೆ ಪಟ್ಟು ಹೇಳಿದರೂ ಅದೇ ಅಗ್ಗ; ತರಿಸುವ ಮೊದಲು ಈಗಿನ ದರ ಕೇಳಿಕೊಳ್ಳಿ. ಎನಾಮಲ್, ಲ್ಯಾಕರ್, ಥಿನ್ನರ್ ಉರಿಯುವ ವಸ್ತುಗಳು, ವಿಮಾನದ ಅಂಚೆಯಲ್ಲಿ ಬರುವುದಿಲ್ಲ. ಅವನ್ನು ರಸ್ತೆಯಲ್ಲಿ ಕಳಿಸುವವರ ಹತ್ತಿರವೇ ಕೊಳ್ಳಿ.

ಇನ್ನು ಬಿಸಿಲು. ನಮ್ಮ ಕಡೆ ಕಟ್ಟುವ ಕಾಲ ಅಂದರೆ ನವೆಂಬರಿನಿಂದ ಫೆಬ್ರುವರಿ. ವರ್ಷದ ಮೊದಲಲ್ಲಿ ಘೋಷಣೆಯಾದದ್ದು ದೀಪಾವಳಿ ಹೊತ್ತಿಗೆ ಕೈಗೆ ಬಂದರೆ ಸರಿಯಾಗಿ ಕೂಡುತ್ತದೆ, ಆದ್ದರಿಂದ ಅವಸರಕ್ಕೆ ಕಾರಣವೇ ಇಲ್ಲ. ಏಪ್ರಿಲ್, ಮೇನಲ್ಲೇ ಕಟ್ಟುತ್ತೇನೆ ಅನ್ನುವುದಾದರೆ ಬೆಳಗಿನ ಐದರಿಂದ ಎಂಟರೊಳಗೆ ಕೂತುಕೊಳ್ಳಿ. 42 ಡಿಗ್ರಿಯಲ್ಲಿ ತೆಳು ಅಂಟು ಸಂದಿಯೊಳಗೆ ಹರಿಯುವ ಮೊದಲೇ ಆರಿಹೋಗುತ್ತದೆ; ಉದ್ದ ಸಂದಿಯನ್ನು ಎರಡೆರಡು ಸೆಂಟಿಮೀಟರಿನಂತೆ ಹಚ್ಚಿ, ಒತ್ತಿ ಹಿಡಿದು ಮುಂದಕ್ಕೆ ಹೋಗಿ. ಬಿಸಿಲಿಗೆ ಬೇಗ ಗಟ್ಟಿಯಾಯಿತು ಎಂದು ಅದೇ ದಿನ ಉಜ್ಜಬೇಡಿ. ಮೇಲಷ್ಟೇ ಕೆನೆ ಕಟ್ಟಿರುತ್ತದೆ, ಒಳಗೆ ಪ್ಲಾಸ್ಟಿಕ್ ಇನ್ನೂ ಮೆತ್ತಗಿರುತ್ತದೆ. ಅವಸರ ಮಾಡಿದರೆ ಬಣ್ಣ ಹೊಡೆದ ವಾರದ ಮೇಲೆ ಸಂದಿ ಮತ್ತೆ ಗೆರೆಯಾಗಿ ಇಣುಕುತ್ತದೆ. 24 ಗಂಟೆ ಬಿಡಿ. ಲೋಹದ ಎಚ್ಚ್ ತುಂಡುಗಳಿಗೆ (ತೆಳು ಲೋಹದ ಹಾಳೆಯಲ್ಲಿ ಕೊರೆದ ಸಣ್ಣ ಭಾಗಗಳು) ಬಳಸುವ ಸೂಪರ್ ಗ್ಲೂ ಇದಕ್ಕೆ ಉಲ್ಟಾ: ಅದು ಗಾಳಿಯ ತೇವದಿಂದ ಗಟ್ಟಿಯಾಗುವಂಥದ್ದು, ಒಣಹವೆಯಲ್ಲಿ ತಡಮಾಡುತ್ತದೆ. ಬಾಟಲಿಯನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಡಿ.

ಬಣ್ಣ ಮರಳು ಕಾಗದದಂತೆ ಒರಟಾಗುತ್ತಿದ್ದರೆ ಹನಿಗಳು ಗಾಳಿಯಲ್ಲೇ ಒಣಗುತ್ತಿವೆ ಎಂದರ್ಥ. ಏರ್‌ಬ್ರಷ್ಷನ್ನು (ಗಾಳಿಯ ಒತ್ತಡದಲ್ಲಿ ಬಣ್ಣ ಚಿಮ್ಮಿಸುವ ಸಾಧನ) ಹತ್ತಿರ ತನ್ನಿ, ಒತ್ತಡವನ್ನು 15 ಪಿಎಸ್‌ಐ ಆಸುಪಾಸಿಗೆ ಇಳಿಸಿ. ತಮಿಯಾ ಕಂಪನಿಯ ಅಕ್ರಿಲಿಕ್ಕಿಗೆ ರಿಟಾರ್ಡರ್ (ಒಣಗುವುದನ್ನು ನಿಧಾನ ಮಾಡುವ ದ್ರವ) ಇರುವ ಲೆವೆಲಿಂಗ್ ಥಿನ್ನರ್ ಸಮಪಾಲು ಹಾಕಿದರೆ ಅರ್ಧ ತೊಂದರೆ ಮುಗಿಯಿತು. ವಲ್ಯೇಹೊದಂಥ ನೀರಿನ ಬಣ್ಣ ಸೂಜಿಯ ತುದಿಯಲ್ಲೇ ಕಟ್ಟಿಕೊಳ್ಳುತ್ತದೆ: ಬಟ್ಟಲಿಗೆ ಒಂದೆರಡು ಹನಿ ರಿಟಾರ್ಡರ್, ಪ್ರತಿ ಐದು ನಿಮಿಷಕ್ಕೆ ತುದಿಯನ್ನು ಒದ್ದೆ ಹತ್ತಿಕಡ್ಡಿಯಲ್ಲಿ ಒರೆಸುವುದು. ಮನೆಯ ಕೂಲರ್ ಈ ನೀರಿನ ಬಣ್ಣಕ್ಕೆ ಸ್ನೇಹಿತ, ತೇವ ಕೊಡುತ್ತದೆ, ಗಾಳಿ ನೇರ ಮಾಡೆಲ್ ಮೇಲೆ ಬೀಳಬಾರದಷ್ಟೆ. ಲ್ಯಾಕರ್ ಹೊಳಪು ಹೊಡೆಯುವಾಗ ಮಾತ್ರ ಆರಿಸಿಬಿಡಿ, ಅದೇ ತೇವಕ್ಕೆ ಮೇಲ್ಮೈ ಬೆಳ್ಳಗೆ ಮಂಜು ಹಿಡಿಯುತ್ತದೆ. ಮಳೆಗಾಲದಲ್ಲೂ ಇದೇ ತೊಂದರೆ. ಶಕ್ತಿನಗರದ ಬೂದಿ, ಜಿನ್ನಿಂಗ್ ಮಿಲ್ಲಿನ ಹತ್ತಿಯೆಳೆ ಹಾರಿಬರುವ ಕಡೆ ಬಣ್ಣಕ್ಕೆ ಹತ್ತು ನಿಮಿಷ ಮೊದಲು ನೆಲಕ್ಕೆ ನೀರು ಚಿಮುಕಿಸಿ, ಫ್ಯಾನ್ ನಿಲ್ಲಿಸಿ.

ಡೆಕಾಲ್ (ನೀರಲ್ಲಿ ನೆನೆಸಿ ಮಾಡೆಲ್ ಮೇಲೆ ಅಂಟಿಸುವ ಗುರುತುಗಳು) ನೆನೆಸಲು ಬೋರಿನ ನೀರು ಬೇಡ, ಸುಣ್ಣದ ಬಿಳಿ ಕಲೆ ಉಳಿಯುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಾಕು. ವಾಯುಪಡೆಯ ಚಕ್ರದಲ್ಲಿ ಹೊರಸುತ್ತು ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಉಲ್ಟಾ ಅಚ್ಚಾಗಿದ್ದರೆ ಬಿಸಾಡಿ.

ತುಕ್ಕು ತೋರಿಸುವ ಪಿಗ್ಮೆಂಟಿಗೆ (ಬಣ್ಣದ ಪುಡಿ) ದುಡ್ಡು ಹಾಕಬೇಡಿ. ನೆಲಕ್ಕೆ ಬಳಸುವ ರೆಡ್ ಆಕ್ಸೈಡ್ ಪುಡಿಗೆ ಚಿಟಿಕೆ ಕಪ್ಪು ಬೆರೆಸಿದರೆ ಟಿ-72ರ ಎಡಬದಿಯ ಹೊಗೆಕೊಳವೆಗೆ ಅಷ್ಟೇ ಸಾಕು. ಸಂಡೂರಿನ ಅದಿರೂ ಕಬ್ಬಿಣದ ಆಕ್ಸೈಡೇ, ಆದರೆ ಲಾರಿಯಿಂದ ಉದುರಿದ್ದನ್ನು ತಂದು ಹಚ್ಚಬೇಡಿ, 0.2 ಮಿ.ಮೀ. ಕಣ 1/35ರಲ್ಲಿ 7 ಮಿ.ಮೀ. ಜಲ್ಲಿಯಾಗಿ ಕಾಣುತ್ತದೆ. ಟ್ಯಾಂಕನ್ನು ರಾಜಸ್ಥಾನದಲ್ಲಿ ನಿಲ್ಲಿಸುವುದಾದರೆ ಬಳ್ಳಾರಿಯ ಕೆಮ್ಮಣ್ಣೂ ನಡೆಯದು, ಅಲ್ಲಿನ ಧೂಳು ನಸು ಹಳದಿ.

ಟ್ಯಾಂಕಿನ ಚಕ್ರಗಳ ಸುತ್ತ ಓಡುವ ಟ್ರ್ಯಾಕ್ ಬಿಡಿ ಕೊಂಡಿಗಳದ್ದೋ, ಮೆತ್ತನೆ ವಿನೈಲ್ ಪಟ್ಟಿಯೋ ಎಂಬುದನ್ನೂ ಕೇಳಿಕೊಳ್ಳಿ. ಬಿಡಿ ಕೊಂಡಿಯಾದರೆ ಒಂದು ಬದಿಗೇ 90 ದಾಟುತ್ತದೆ, ಎರಡು ಸಂಜೆ ಅದಕ್ಕೇ ಮೀಸಲು. ವಿನೈಲ್ ಪಟ್ಟಿ, ಟಯರುಗಳಲ್ಲಿ ಮೆತ್ತಗಾಗಿಸುವ ಎಣ್ಣೆಯಂಥ ರಾಸಾಯನಿಕ ಇರುತ್ತದೆ. ಅದು ತಾಗಿದ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ, ಸೆಕೆಗೆ ಇನ್ನೂ ಬೇಗ. ಪೆಟ್ಟಿಗೆ ಬಂದ ದಿನವೇ ಅವನ್ನು ಬೇರೆ ಜಿಪ್ ಚೀಲಕ್ಕೆ ಹಾಕಿ. ರೆಸಿನ್ ಸೈನಿಕರಿದ್ದರೆ ತಗಡಿನ ಮೇಲ್ಮಾಡಿನ ಕೋಣೆಯಲ್ಲಿಡಬೇಡಿ, 5 ಸೆಂ.ಮೀ. ಗೊಂಬೆ ಕಣಕಾಲಲ್ಲಿ ಬಾಗುತ್ತದೆ. ಬಾಗಿದ್ದನ್ನು ಬಿಸಿನೀರಲ್ಲಿ ಅರ್ಧ ನಿಮಿಷ ಅದ್ದಿ, ನೆಟ್ಟಗೆ ಮಾಡಿ, ಹಾಗೇ ಹಿಡಿದು ತಣ್ಣೀರಿಗೆ ಹಾಕಿ.