ಹಳೇ ಮನೆ ಮಾರುವ ಮುಂಚೆ ರಿಪೇರಿ: ಯಾವುದು ಬೇಕು, ಯಾವುದು ಬೇಡ

ಬೆಂಗಳೂರಿನ 30×40 ಸೈಟಿನಲ್ಲಿರುವ ಹದಿನೈದು ವರ್ಷದ ಮನೆ ಮಾರುವ ಮೊದಲು ಹೊಸ ಮಾಡ್ಯುಲರ್ ಕಿಚನ್ ಹಾಕಿಸಿ, ಬಣ್ಣ ಹೊಡೆಸಲೇ ಅಂತ ಕೇಳಿದ್ದೀರಿ. ಬಾತ್‌ರೂಮಿನ ಹಿಂದಿನ ಗೋಡೆ ಥಂಡಿ ಹಿಡಿದಿದೆ ಅಂತಲೂ ಬರೆದಿದ್ದೀರಿ.

ಕಿಚನ್ ಬೇಡ. ಕೊಳ್ಳುವವರು ತಮಗೆ ಬೇಕಾದ ಹಾಗೆ ಅದನ್ನು ಕಿತ್ತು ಮಾಡಿಸಿಕೊಳ್ಳುತ್ತಾರೆ, ನಿಮ್ಮ ಖರ್ಚು ಪೂರ್ತಿ ಹುಟ್ಟುವುದು ಅಪರೂಪ. ಬಣ್ಣ ಬೇಕು, ಆದರೆ ಎಲ್ಲಕ್ಕಿಂತ ಕೊನೆಗೆ. ಥಂಡಿ ಗೋಡೆಯ ಮೇಲೆ ಬಣ್ಣ ಬಳಿದರೆ ಇಟ್ಟಿಗೆಯ ಉಪ್ಪು ತೇವದ ಜೊತೆ ಹೊರಬಂದು, ಬಣ್ಣದ ಅಡಿಯಲ್ಲಿ ಹರಳುಗಟ್ಟಿ, ಚಕ್ಕೆ ಎಬ್ಬಿಸುತ್ತದೆ. ಮನೆ ನೋಡಲು ಬಂದವರು ಮೊದಲು ಕೈಯಿಟ್ಟು ನೋಡುವುದೇ ಅಲ್ಲಿ.

ನೀರು ಎಲ್ಲಿಂದ ಬರುತ್ತಿದೆ ಅಂತ ಮೊದಲು ಪತ್ತೆಯಾಗಲಿ. ರಾತ್ರಿ ಓವರ್‌ಹೆಡ್ ಟ್ಯಾಂಕ್ ತುಂಬಿಸಿ, ನೀರಿನ ಮಟ್ಟಕ್ಕೆ ಗುರುತು ಹಾಕಿ, ನಲ್ಲಿ, ಫ್ಲಶ್ ಯಾವುದನ್ನೂ ಮುಟ್ಟಬೇಡಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಪೈಪಿನಲ್ಲೋ ಫ್ಲಶ್ ಟ್ಯಾಂಕಿನಲ್ಲೋ ಸೋರಿಕೆ ಇದೆ. ಇಳಿಯದಿದ್ದರೆ ಬಾತ್‌ರೂಮಿನ ನೆಲದ ಜಾಲಿಗೆ ಬಟ್ಟೆ ತುರುಕಿ, ಹೊಸ್ತಿಲು ದಾಟದಷ್ಟು ನೀರು ನಿಲ್ಲಿಸಿ 24 ಗಂಟೆ ಬಿಡಿ. ಗೋಡೆಯ ಥಂಡಿ ಕಲೆಯ ಅಂಚಿಗೆ ಮೊದಲೇ ಪೆನ್ಸಿಲ್ ಗೆರೆ ಎಳೆದಿರಿ. ಕಲೆ ಗೆರೆ ದಾಟಿದರೆ ಟೈಲ್ಸ್ ಸಂದಿ ಅಥವಾ ಜಾಲಿಯ ಸುತ್ತ ನೀರು ಇಳಿಯುತ್ತಿದೆ ಅಂತ ಲೆಕ್ಕ. ಸಂದಿಯ ಹಳೇ ಸಿಮೆಂಟ್ ಕೆರೆದು ಎಪಾಕ್ಸಿ ಗ್ರೌಟ್ ತುಂಬಿಸಿ, ಮತ್ತೆ ಇದೇ ಪರೀಕ್ಷೆ ಮಾಡಿ. ಆಗಲೂ ನಿಲ್ಲದಿದ್ದರೆ ಮಾತ್ರ ಟೈಲ್ಸ್ ಒಡೆಯುವ ಮಾತು.

ಸೋರಿಕೆ ನಿಂತ ಮೇಲೆ ಗೋಡೆಯ ಊದಿದ ಗಾರೆಯನ್ನು ಕಲೆಯಿಂದ ಅರ್ಧ ಅಡಿ ಆಚೆವರೆಗೂ ಇಟ್ಟಿಗೆ ಕಾಣುವಂತೆ ಕೆತ್ತಿಸಿ, ಒಣಗಲು ಬಿಡಿ. 1:4 ಸಿಮೆಂಟ್ ಮರಳಿಗೆ ವಾಟರ್‌ಪ್ರೂಫಿಂಗ್ ದ್ರಾವಣ ಸೇರಿಸಿ ಗಾರೆ ಮಾಡಿಸಿ, 7 ದಿನ ನೀರು ಹೊಡೆಯಿರಿ. ಮೇಸ್ತ್ರಿಗಳು ಮಾರನೇ ವಾರವೇ ಪುಟ್ಟಿ ಎಳೆಯಲು ಬರುತ್ತಾರೆ, ಒಪ್ಪಬೇಡಿ. 28 ದಿನ ಕಾಯಿರಿ. ಒಣಗಿದೆಯೇ ಅಂತ ಅನುಮಾನವಿದ್ದರೆ ಒಂದು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಒಂದು ದಿನ ಬಿಡಿ. ಒಳಗೆ ಬೆವರು ಕಟ್ಟಿದರೆ ಗೋಡೆ ಇನ್ನೂ ಹಸಿ. ಆಮೇಲೆ ಪುಟ್ಟಿ, ಪ್ರೈಮರ್, ಎರಡು ಕೋಟ್ ತಿಳಿ ಬಣ್ಣ. ಒಂದೇ ಗೋಡೆಗೆ ಮಾತ್ರ ಹೊಡೆಸಿದರೆ ಏನೋ ಮುಚ್ಚಿಟ್ಟ ಹಾಗೆ ಕಾಣುತ್ತದೆ, ಇಡೀ ಕೋಣೆಗೆ ಹೊಡೆಸಿ. ಕೆತ್ತಿದಾಗಿನ ಫೋಟೋ, ಬಿಲ್ಲು ಇಟ್ಟುಕೊಂಡು ಕೊಳ್ಳುವವರಿಗೆ ನೀವಾಗಿಯೇ ತೋರಿಸಿ.

ಸೋರುವ ನಲ್ಲಿ, ಕಿರುಗುಟ್ಟುವ ಬಾಗಿಲು, ಉರಿಯದ ಬಲ್ಬು: ಒಂದು ದಿನದ ಕೆಲಸ.

ಗಾರೆ ಒಣಗುವ ಆ ತಿಂಗಳಲ್ಲಿ ಕಾಗದಪತ್ರ ಮುಗಿಸಿ. ಇ-ಖಾತಾ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ) ಇಲ್ಲದೆ ನೋಂದಣಿ ಆಗುವುದಿಲ್ಲ. ಕ್ರಯಪತ್ರ, ತೆರಿಗೆ ರಸೀದಿ, ಆಧಾರ್‌ನಲ್ಲಿ ಹೆಸರು, ಇನಿಷಿಯಲ್ ಹೊಂದುತ್ತವೆಯೇ ಅಂತ ಈಗಲೇ ನೋಡಿ. ಹಳೇ ಗೃಹಸಾಲ ತೀರಿದ್ದರೂ ಅಡಮಾನ ಬಿಡುಗಡೆ ನೋಂದಣಿಯಾಗಿರದಿದ್ದರೆ ಇ.ಸಿ.ಯಲ್ಲಿ (ಆಸ್ತಿಯ ಋಣಭಾರ ಪ್ರಮಾಣಪತ್ರದಲ್ಲಿ) ಸಾಲ ಹಾಗೇ ನಿಂತಿರುತ್ತದೆ, ಕೊಳ್ಳುವವರ ಬ್ಯಾಂಕ್ ಅಲ್ಲೇ ತಡೆಯುತ್ತದೆ. ಪ್ಯಾನ್‌ಗೆ ಆಧಾರ್ ಜೋಡಣೆಯಾಗಿದೆಯೇ ಅಂತಲೂ ಖಚಿತಪಡಿಸಿಕೊಳ್ಳಿ. ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರು ನಿಮಗೆ ಕೊಡುವ ಹಣದಲ್ಲೇ 1% ಟಿಡಿಎಸ್ (ಮುಂಗಡ ಆದಾಯ ತೆರಿಗೆ ಕಡಿತ) ಹಿಡಿಯಬೇಕು. ನಿಮ್ಮ ಪ್ಯಾನ್ ನಿಷ್ಕ್ರಿಯವಾಗಿದ್ದರೆ ಅದೇ 20% ಆಗುತ್ತದೆ.