ಮಳೆಗಾಲದಲ್ಲಿ ಶಿವಮೊಗ್ಗದಿಂದ ವಿಮಾನ ಹತ್ತುವವರು ಕೈಚೀಲದಲ್ಲಿ ಏನೇನು ಇಟ್ಟುಕೊಳ್ಳಬೇಕು?

ಶಿವಮೊಗ್ಗದ ವಿಮಾನ ನಿಲ್ದಾಣವಿರುವ ಸೋಗಾನೆಯಲ್ಲಿ ಮೋಡ ಕೆಳಗಿಳಿದು ರನ್‌ವೇ ಕಾಣದಿದ್ದರೆ ವಿಮಾನ ಇಳಿಯಲು ಆಗುವುದಿಲ್ಲ. ನಿಮ್ಮ ಪ್ರಯಾಣವೂ ತಡವಾಗುತ್ತದೆ, ಅಲ್ವಾ? ಹಾಗಾಗಿ ಮೊದಲು ಮಾತ್ರೆ. ಬಿಪಿ, ಶುಗರ್ ಇರುವವರು ಎರಡು ದಿನಕ್ಕೆ ಆಗುವಷ್ಟನ್ನು ಡಾಕ್ಟರ್ ಚೀಟಿ ಸಮೇತ ಕೈಚೀಲದಲ್ಲೇ ಇಡಿ. ಚೆಕ್-ಇನ್ ಬ್ಯಾಗಿಗೆ ಹಾಕಿದರೆ ಬೇಕಾದ ಹೊತ್ತಿಗೆ ಸಿಗುವುದಿಲ್ಲ. ಹಿರಿಯರು ಜೊತೆಗಿದ್ದರೆ ಇದನ್ನು ದಯವಿಟ್ಟು ಮರೆಯಬೇಡಿ.

ಪವರ್ ಬ್ಯಾಂಕ್ ಅಂತೂ ಚೆಕ್-ಇನ್‌ಗೆ ಹಾಕುವ ಹಾಗೇ ಇಲ್ಲ, ಅದರ ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತುವ ಅಪಾಯವಿದೆ. ಖಾಲಿ ಬಾಟಲಿ ಒಯ್ದು, ತಪಾಸಣೆ ಮುಗಿದ ಮೇಲೆ ನೀರು ತುಂಬಿಸಿಕೊಳ್ಳಿ. ತಿನ್ನಲು ಹಲಸಿನ ಚಿಪ್ಸ್, ಕೋಡುಬಳೆ ಸಾಕು. ಕೆಡುವುದಿಲ್ಲ, ಸೋರುವುದಿಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ ದೊಡ್ಡ ಬ್ಯಾಗಿನಲ್ಲಿರಲಿ. ಒಂದು ಶಾಲು, ಒಂದು ಜೊತೆ ಬಟ್ಟೆ ಇಟ್ಟುಕೊಳ್ಳಿ. ಇನ್ನೂ ಜಾಸ್ತಿ ತುಂಬಬೇಡಿ.